ಹುರುಳಿ ಹೊಲ, ಕುದುರೆ ಬಯಲು

ಬೆಂಗಳೂರಿನ ದಂಡು ಹುಟ್ಟಿದ್ದು ಸಿಪಾಯಿಗಳಿಗಾಗಿ. ಅದರ ಹೊಟ್ಟೆ ತುಂಬಿಸಿದ್ದು ಮಾತ್ರ ಸುತ್ತಲ ಹಳ್ಳಿಗಳ ಹೊಲಗಳು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಕಾವೇರಿಯ ನಡುವಿನ ಆ ದ್ವೀಪದ ಚಳಿಜ್ವರ ಸಿಪಾಯಿಗಳನ್ನು ಸಾಲುಸಾಲಾಗಿ ಹಾಸಿಗೆ ಹಿಡಿಸಿತು. ಎತ್ತರದ, ತಂಪುಗಾಳಿಯ ಜಾಗ ಹುಡುಕಿಕೊಂಡು ಬಂದವರು 1809ರಲ್ಲಿ ಬೆಂಗಳೂರು ಪೇಟೆಯ ಪೂರ್ವಕ್ಕೆ, ಹಲಸೂರಿನ ಮಗ್ಗುಲಲ್ಲಿ ದಂಡು ಕಟ್ಟಿದರು. ದಂಡಿನ ಜೊತೆಗೆ ಕುದುರೆಗಳು ಬಂದವು. ಸವಾರರ ಕುದುರೆ, ಫಿರಂಗಿ ಎಳೆಯುವ ಕುದುರೆ, ಸಾಹೇಬರ ಸವಾರಿಯ ಕುದುರೆ, ದೊರೆಸಾನಿಯರ ಗಾಡಿಯ ಕುದುರೆ. ಒಂದೊಂದು ಕುದುರೆಗೂ ಅದನ್ನು ನೋಡಿಕೊಳ್ಳುವ ಒಬ್ಬ ಸಾಯಿಸ, ಅದರ ಹಿಂದೆ ಹುಲ್ಲು ಕುಯ್ಯುವವರೊಬ್ಬರು. ಎಷ್ಟೋ ಸಲ ಆ ಹುಲ್ಲು ಕುಯ್ಯುವಾಕೆ ಸಾಯಿಸನ ಹೆಂಡತಿಯೇ ಆಗಿರುತ್ತಿದ್ದಳು.

ಸಾಹೇಬರ ಸೀಮೆಯಲ್ಲಿ ಕುದುರೆಗೆ ಓಟ್ಸ್ ಹಾಕುತ್ತಿದ್ದರು. ಇಲ್ಲಿ ಅದೆಲ್ಲಿಯ ಓಟ್ಸ್! ದಕ್ಷಿಣದ ಕುದುರೆ ತಿಂದು ಬೆಳೆದದ್ದು ಬೇಯಿಸಿದ ಹುರುಳಿಯನ್ನು. ನೀರಿಲ್ಲದ ಕೆಮ್ಮಣ್ಣಿನಲ್ಲಿ, ಹಿಂಗಾರಿನ ನಾಲ್ಕು ಹನಿ ಬಿದ್ದರೂ ಸಾಕೆಂದು ಬೆಳೆಯುವ ಬಡವರ ಕಾಳು ಅದು. ಹೀಗೆ ದೊಮ್ಮಲೂರಿನವನೋ ಅಗರದವನೋ ಒಬ್ಬ ರೈತ ತನ್ನ ಮೇಡು ಹೊಲಕ್ಕೆ ಎರಚಿದ ಹುರುಳಿಗೂ ದಂಡಿನ ಮೈದಾನದಲ್ಲಿ ಓಡುವ ಅರಬ್ಬಿ ಕುದುರೆಗೂ ನಂಟು ಬೆಳೆಯಿತು. ಕುದುರೆಯ ಲದ್ದಿ ಗೊಬ್ಬರವಾಗಿ ಮಣ್ಣಿಗೆ ಮರಳುತ್ತಿತ್ತು. ಆ ಮಣ್ಣಿನಲ್ಲಿ ಬೆಳೆದ ಸೊಪ್ಪು ಬೆಳಗಾಗುವ ಮುಂಚೆ ಬಜಾರಿನಲ್ಲಿರುತ್ತಿತ್ತು. ಹೊಲ, ಅಂಗಡಿ, ಕುದುರೆ ಮೂರೂ ಒಂದೇ ನೂಲಿನಲ್ಲಿದ್ದವು. ನಾನು ಹಂಬಲಿಸುವುದು ಆ ನೂಲಿಗಾಗಿ. ಪರದೇಶದ ದೊರೆತನಕ್ಕಾಗಿ ಖಂಡಿತ ಅಲ್ಲ.

ದಂಡಿಗೆ ಮುಂಚೆ ಇಲ್ಲಿ ವ್ಯಾಪಾರವಿರಲಿಲ್ಲ ಎಂಬಂತೆ ಬರೆಯುವವರಿದ್ದಾರೆ. ಅದು ತಪ್ಪು. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದ ಮೇಲೆ ಬೆಳೆದ ಪೇಟೆಗಳ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ: ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಕಾಳು, ಹತ್ತಿ, ಮಣ್ಣು, ಎಣ್ಣೆ, ಎಲ್ಲವೂ ಬೀದಿಯ ಹೆಸರಿನಲ್ಲೇ ಕೂತಿವೆ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಪೇಟೆಯ ನೇಕಾರರನ್ನು, ಬಣ್ಣಗಾರರನ್ನು, ಎತ್ತಿನ ಮೇಲೆ ಸರಕು ಹೇರಿ ತರುವವರನ್ನು ಕೂರಿಸಿ ಮಾತಾಡಿಸಿ ಬರೆದುಕೊಂಡ. ನೆರೆಯ ಸೀಮೆಗಳೊಡನೆ ವ್ಯಾಪಾರ ಬೇಡವೆಂದು ಟಿಪ್ಪು ಹಾಕಿದ ಕಟ್ಟಿನಿಂದ ಪೇಟೆ ಸೊರಗಿತ್ತೆಂದೂ, ಯುದ್ಧ ಮುಗಿದ ಮೇಲೆ ವರ್ತಕರು ಮತ್ತೆ ಬಂದು ನೆಲೆ ನಿಲ್ಲುತ್ತಿದ್ದಾರೆಂದೂ ಅವನ ಬರಹದಿಂದ ತಿಳಿಯುತ್ತದೆ. ದಂಡು ಬಂದದ್ದು ಹೀಗೆ ಚೇತರಿಸಿಕೊಳ್ಳುತ್ತಿದ್ದ ಊರಿನ ಪಕ್ಕಕ್ಕೆ.

ಆಮೇಲೆ ಊರು ಎರಡಾಯಿತು. ಪಡುವಣಕ್ಕೆ ಕನ್ನಡದ ಪೇಟೆ, ಮೂಡಣಕ್ಕೆ ತಮಿಳು, ದಖನಿ, ಇಂಗ್ಲಿಷು ಕಲಸಿದ ದಂಡು. ಆರ್ಕಾಟು, ವೆಲ್ಲೂರು, ಮದರಾಸುಗಳಿಂದ ಸೈನ್ಯದ ಬೆನ್ನಿಗೆ ಬಂದ ಮೊದಲಿಯಾರರು, ಪಿಳ್ಳೆಗಳು, ನಾಯ್ಡುಗಳು ಗುತ್ತಿಗೆ ಹಿಡಿದರು. ರೊಟ್ಟಿ, ಮಾಂಸ, ಕಾಳು, ಹುಲ್ಲು, ಸೌದೆ, ಇಟ್ಟಿಗೆ, ದಂಡಿಗೆ ಬೇಡವಾದದ್ದು ಯಾವುದಿತ್ತು? ಬಡತನದಲ್ಲಿ ಹುಟ್ಟಿ ಈ ವ್ಯಾಪಾರದಲ್ಲಿ ಮೇಲೆದ್ದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ತೆರೆದ ಶಾಲೆ ಇವತ್ತಿಗೂ ಮಕ್ಕಳಿಗೆ ಪಾಠ ಹೇಳುತ್ತಿದೆ. ಗುತ್ತಿಗೆಯ ದುಡ್ಡು ಅಕ್ಷರವಾಗಿ ಊರಿಗೆ ಮರಳಿದ್ದು ಸಣ್ಣ ಮಾತಲ್ಲ. ಕಮರ್ಷಿಯಲ್ ಸ್ಟ್ರೀಟ್, ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್, ಇವೆಲ್ಲ ಆ ಕಾಲದ ಹೆಸರುಗಳೇ. ಈಗಿನ ಕಾಮರಾಜ ರಸ್ತೆ ಆಗ ಕ್ಯಾವಲ್ರಿ ರೋಡ್, ಎಂದರೆ ಕುದುರೆ ದಳದ ರಸ್ತೆ. ರಸೆಲ್ ಮಾರ್ಕೆಟ್ ಬಂದದ್ದು ತೀರ ತಡವಾಗಿ, 1927ರಲ್ಲಿ. ಅಷ್ಟು ಹೊತ್ತಿಗೆ ದಂಡಿಗೆ ನೂರು ದಾಟಿತ್ತು.

ಈ ಕತೆಯಲ್ಲಿ ನನಗೆ ಬಿಡಿಸಲಾಗದ ಹಾಗೆ ಅಂಟಿಕೊಂಡಿರುವವರು ಒಬ್ಬರೇ: ಆಗಾ ಅಲಿ ಅಸ್ಕರ್ ಶಿರಾಜಿ. ಪರ್ಷಿಯಾದ ಶಿರಾಜ್ ಪಟ್ಟಣದಲ್ಲಿ 1808ರಲ್ಲಿ ಹುಟ್ಟಿದವರು. ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ, 1824ರಲ್ಲಿ, ಅಣ್ಣತಮ್ಮಂದಿರ ಜೊತೆ ಕುದುರೆಗಳ ಹಿಂಡು ಹೊಡೆದುಕೊಂಡು ಬೆಂಗಳೂರಿಗೆ ಬಂದರು. ದಂಡಿನ ಸಾಹೇಬರು ಕೊಂಡರು, ಮೈಸೂರು ಅರಮನೆಯೂ ಕೊಂಡಿತು. ಒಳ್ಳೆಯ ಕುದುರೆ ಎಲ್ಲಿದ್ದರೂ ಗುರುತಿಸುವ ಕಣ್ಣು ಅವರದು. ರೇಸಿಗೆ ಕುದುರೆ ಪಳಗಿಸುವ ಕೈಯೂ ಹೌದು. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕುದುರೆ ಎಂದರೆ ಪ್ರಾಣ ಬಿಡುವ ಮನುಷ್ಯ. ಇಬ್ಬರಿಗೂ ಸ್ನೇಹ ಕುದುರಿತು. ಅಧಿಕಾರಿಗಳಿಗೆ ಮನೆ ಸಾಲದೆ ಬಂದಾಗ ಕಬ್ಬನ್ ಸ್ನೇಹಿತನಿಗೆ ಜಾಗ ಕೊಂಡು ಬಂಗಲೆ ಕಟ್ಟಿಸಲು ಹೇಳಿದ. ಕುದುರೆ ಮಾರಿದ ದುಡ್ಡು ನೆಲವಾಯಿತು, ನೆಲ ಬಂಗಲೆಯಾಯಿತು. ಅಸ್ಕರ್ ನೂರರಷ್ಟು ಬಂಗಲೆ ಕಟ್ಟಿಸಿದರೆಂದು ಹೇಳುತ್ತಾರೆ. ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾದರು. ಅಜ್ಜನ ಇಚ್ಛೆಯಂತೆ 1909ರಲ್ಲಿ ಎದ್ದ ಮಸೀದಿ ರಿಚ್ಮಂಡ್ ಟೌನಿನಲ್ಲಿದೆ. ಅಲಿ ಅಸ್ಕರ್ ರಸ್ತೆಯಲ್ಲಿ ದಿನಕ್ಕೆ ಸಾವಿರಾರು ಕಾರು ಓಡುತ್ತವೆ. ಆ ಹೆಸರಿನ ಹಿಂದೆ ಗೊರಸಿನ ಸದ್ದಿದೆಯೆಂದು ಓಡಿಸುವವರಲ್ಲಿ ಎಷ್ಟು ಜನಕ್ಕೆ ಗೊತ್ತು? ಕಬ್ಬನ್ ಪ್ರತಿಮೆಯೂ ಕುದುರೆಯ ಮೇಲೆ ಕೂತದ್ದೇ. ಹೈಕೋರ್ಟಿನ ಎದುರಿದ್ದ ಅದನ್ನು 2020ರಲ್ಲಿ ಉದ್ಯಾನದ ಒಳಕ್ಕೆ ಸಾಗಿಸಿದರು.

ಬಂಗಲೆ ಎಂದರೆ ಬರೀ ಮನೆಯಲ್ಲ. ಸುತ್ತ ಎಕರೆಗಟ್ಟಲೆ ಕಾಂಪೌಂಡು, ಹಿಂದೆ ಲಾಯ, ಆಳುಗಳ ಸಾಲುಮನೆ. ಆ ಎಕರೆಗಳು ಆಕಾಶದಿಂದ ಬೀಳಲಿಲ್ಲ. ಯಾರೋ ರಾಗಿ ಬಿತ್ತುತ್ತಿದ್ದ ನೆಲ, ಯಾರೋ ಕುರಿ ಬಿಡುತ್ತಿದ್ದ ಗೋಮಾಳ ಅವು. ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಕಲ್ಲುಶಾಸನಗಳಲ್ಲಿ ಆ ಊರಿನ ಗದ್ದೆ ಬೆದ್ದಲುಗಳನ್ನು ದೇವರಿಗೆ ಬಿಟ್ಟ ಮಾತಿದೆ. ಶಾಸನ ಕೆತ್ತುವಷ್ಟು ಬೆಲೆಯಿದ್ದ ಆ ಗದ್ದೆಗಳ ಒಂದು ಬದು ಕೂಡ ಈಗ ಕಣ್ಣಿಗೆ ಬೀಳದು.

ಹಳೆಯ ಕಾಲದಲ್ಲಿ ಹೊಲ ಅಳೆಯುತ್ತಿದ್ದ ಬಗೆಯೇ ಬೇರೆ. ಇಷ್ಟು ಉದ್ದ ಇಷ್ಟು ಅಗಲ ಎನ್ನುತ್ತಿರಲಿಲ್ಲ. ಹತ್ತು ಕೊಳಗ ಬೀಜವರಿ, ಒಂದು ಖಂಡುಗ ಬೀಜವರಿ ಎನ್ನುತ್ತಿದ್ದರು. ಎಷ್ಟು ಬೀಜ ಹಿಡಿಯುತ್ತದೋ ಅಷ್ಟು ನೆಲ. ಬಿತ್ತಲಾಗದ ಬಂಡೆಗೆ ಆ ಲೆಕ್ಕದಲ್ಲಿ ಜಾಗವಿಲ್ಲ. 1863ರಲ್ಲಿ ಮೈಸೂರು ಸೀಮೆಯ ಕಂದಾಯ ಸರ್ವೆ ಶುರುವಾಗಿ ಸರಪಳಿ ಹಿಡಿದ ಜನ ಹೊಲಗಳಿಗೆ ಇಳಿದರು. ಸರ್ವೆ ನಂಬರು ಬಂತು, ಎಕರೆ ಗುಂಟೆ ಬಂತು. ರೈತನಿಗೆ ಅದರಿಂದ ಒಳ್ಳೆಯದೂ ಆಯಿತು, ಇಲ್ಲವೆನ್ನುವುದಿಲ್ಲ. ತನ್ನ ಹಿಡುವಳಿ ಎಷ್ಟು, ಕಟ್ಟಬೇಕಾದ ಕಂದಾಯ ಎಷ್ಟು ಎಂದು ಖಚಿತವಾಯಿತು. ಆದರೆ ಹೊಲ ನೋಡದವನೂ ಹೊಲ ಕೊಳ್ಳುವುದು ಆಗ ಸಲೀಸಾಯಿತು. ಕಾಗದದಲ್ಲಿ ನಂಬರಿದ್ದರೆ ಸಾಕು, ಮಣ್ಣು ಮುಟ್ಟಿ ನೋಡುವ ಅಗತ್ಯವಿಲ್ಲ.

ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ ಅಂಥದೊಂದು ಕ್ರಯಪತ್ರವಿದೆ. ಮಡಿಕೆಗಳಲ್ಲಿ ಹರಿದು, ಅಂಚು ಪುಡಿಪುಡಿಯಾಗಿದೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹುಣಸೆಮರ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಕೆರೆಯ ತೂಬಿನ ಕಾಲುವೆ ಎಂದು ಚೆಕ್ಕುಬಂದಿ ಹೇಳುತ್ತದೆ. ಮುಂದೆ ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾದ ಅಷ್ಟಭೋಗ ಸಹಿತ ನಿಮಗೆ ಒಪ್ಪಿಸಿದ್ದೇವೆ ಎಂಬ ಒಕ್ಕಣೆ. ಸಾಕ್ಷಿಗಳ ಹೆಬ್ಬೆಟ್ಟಿನ ಗುರುತುಗಳು ಸಾಲಾಗಿ ನಿಂತಿವೆ. ಬಾಲ್ಯದಲ್ಲಿ ಅಜ್ಜಿ ಅದನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹರವುತ್ತಿದ್ದಳು. ಹೊಲ ಹೋಗಿ ಎಷ್ಟೋ ಕಾಲವಾಗಿತ್ತು, ಕಾಗದಕ್ಕೆ ಮಾತ್ರ ಹುಳ ಬೀಳಬಾರದು. ಯಾಕಜ್ಜಿ ಎಂದು ಕೇಳಿದರೆ, ‘ಅದರಲ್ಲಿ ನಮ್ಮ ಬಾವಿ ಐತೆ ಕಣೋ’ ಎನ್ನುತ್ತಿದ್ದಳು. ಮಾರಿದ್ದು ಮನೆಯವರೇ, ಸಹಿ ಹಾಕಿದ್ದೂ ಮನೆಯವರೇ. ಮದುವೆ, ಕಾಯಿಲೆ, ಸಾಲ, ಮಳೆ ಬಾರದ ವರ್ಷಗಳು. ಊರಿನ ಎಲ್ಲ ಮನೆಗಳ ಕತೆ ಅದೇ. ಕೊಂಡವರು ಒಳ್ಳೆಯ ಬೆಲೆಯನ್ನೇ ಕೊಟ್ಟಿದ್ದರಂತೆ. ಆ ದುಡ್ಡು ಯಾವುದರಲ್ಲಿ ಕರಗಿತೆಂದು ಮನೆಯಲ್ಲಿ ಯಾರಿಗೂ ಹೇಳಲಾಗುತ್ತಿರಲಿಲ್ಲ.

ಕರಗಿದ ಬಗೆ ಗೊತ್ತಿರುವ ಮನೆಗಳೂ ಇದ್ದವು. ದೂರದ ಬಂಧುವೊಬ್ಬರು ತೋಟ ಮಾರಿ ಬಂದ ದುಡ್ಡನ್ನು ಕುದುರೆ ಬಾಲಕ್ಕೆ ಕಟ್ಟಿದರು. ಎರಡು ಸೀಸನ್‌ಗಳಲ್ಲಿ ಎಲ್ಲ ಮುಗಿಯಿತು. ಶನಿವಾರ ಭಾನುವಾರ ಬಂದರೆ ಇಸ್ತ್ರಿ ಅಂಗಿ ತೊಟ್ಟು, ಜೇಬಿನಲ್ಲಿ ರೇಸ್ ಪುಸ್ತಕ ಮಡಚಿಕೊಂಡು ಹೊರಡುತ್ತಿದ್ದರು. ಆಮೇಲೆ ಅವರ ಹೆಂಡತಿ ಹೂ ಕಟ್ಟಿ ಸಂಸಾರ ತೂಗಿಸಿದರು. ರೇಸಿನ ಬಗ್ಗೆ ಬರೆಯುವವರು ಇದನ್ನು ಮುಚ್ಚಿಟ್ಟು ಬರೆಯಬಾರದು. ಓಡುವ ಕುದುರೆಯ ಚೆಲುವಿಗೆ ನಾನು ಮನಸೋತಿದ್ದೇನೆ. ಅದರ ಹೆಸರಿನಲ್ಲಿ ಹಾಳಾದ ಮನೆಗಳನ್ನೂ ನೋಡಿದ್ದೇನೆ.

ದಂಡು ಇದ್ದಲ್ಲೆಲ್ಲ ರೇಸು ಬಂತು. ಮದರಾಸಿನ ಗಿಂಡಿಯಲ್ಲಿ 1777ರಷ್ಟು ಹಿಂದೆಯೇ ಕುದುರೆ ಓಡಿಸಿದರು. ಮೈಸೂರಿನಲ್ಲಿ 1891ರಲ್ಲಿ ಸಂಘ ಕಟ್ಟಿದರು. ಚಾಮುಂಡಿಬೆಟ್ಟದ ಬುಡದ ಆ ಬಯಲು ದಸರಾ ಹೊತ್ತಿಗೆ ಕಳೆಗಟ್ಟುತ್ತಿತ್ತು. ಬೆಂಗಳೂರಿನಲ್ಲಿ ಮೊದಲು ದಂಡಿನ ಅಂಚಿನ ಅಗರಂ ಬಯಲಿನಲ್ಲಿ ಸಿಪಾಯಿ ಅಧಿಕಾರಿಗಳು ತಮ್ಮತಮ್ಮಲ್ಲೇ ಓಡಿಸುತ್ತಿದ್ದರು. ಆಮೇಲೆ ಅದು ಊರ ನಡುವಿನ ಈಗಿನ ಜಾಗಕ್ಕೆ ಬಂತು. 1920ರ ದಶಕದ ಆರಂಭದಲ್ಲಿ ಟರ್ಫ್ ಕ್ಲಬ್ಬಿನ ವ್ಯವಸ್ಥೆಯಾಯಿತು. ದಂಡಿನಲ್ಲಿ ಮೊದಮೊದಲು ಅರಬ್ಬಿ ಕುದುರೆಗಳದ್ದೇ ಕಾರುಬಾರು. ಕ್ರಮೇಣ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ ಹಡಗಿನಲ್ಲಿ ಮದರಾಸಿಗೆ ಬಂದಿಳಿಯುತ್ತಿದ್ದ ವೇಲರ್ ಕುದುರೆಗಳು ಸೈನ್ಯದ ಲಾಯ ತುಂಬಿದವು. ಶಿರಾಜಿನ ವರ್ತಕರ ಕಾಲ ಮುಗಿಯಿತು. ಲಾಳ ಹೊಡೆಯುವವರು, ಜೀನು ಹೊಲಿಯುವವರು, ಕಾಳು ಬೇಯಿಸುವವರು ಮಾತ್ರ ಇಲ್ಲಿನವರೇ ಆಗಿ ಉಳಿದರು. ಶಿವಾಜಿನಗರದ ಗಲ್ಲಿಗಳಲ್ಲಿ, ಜಟಕಾ ಸ್ಟ್ಯಾಂಡುಗಳ ಪಕ್ಕದಲ್ಲಿ ಕಾದ ಕಬ್ಬಿಣ ಗೊರಸಿಗೆ ತಾಕಿದಾಗ ಏಳುವ ಸುಟ್ಟ ಕೊಂಬಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಆ ಕೆಲಸ ಬಲ್ಲವರ ಮಕ್ಕಳು ಈಗ ಆಟೋ ಓಡಿಸುತ್ತಾರೆ, ಬೈಕ್ ರಿಪೇರಿ ಮಾಡುತ್ತಾರೆ.

ಕುದುರೆಗೂ ಕೃಷಿಗೂ ನಂಟಿತ್ತು ಎಂದೆ. ಜಗಳವೂ ಇತ್ತು. ಸಂಪಂಗಿ ಕೆರೆಯದ್ದು ಆ ಜಗಳದ ಕತೆ. ಪೇಟೆಗೂ ದಂಡಿಗೂ ನಡುವೆ ಬಿದ್ದುಕೊಂಡಿದ್ದ ಆ ಕೆರೆಯ ನೀರಿನಲ್ಲಿ ತಿಗಳರು ತೋಟ ಮಾಡುತ್ತಿದ್ದರು. ತರಕಾರಿ, ಸೊಪ್ಪು, ಹೂವು ಬೆಳೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರಿನ ದೊಡ್ಡವರಿಗೆ ಹಳೆಯ ಕೆರೆಗಳ ಹಂಗು ತಪ್ಪಿತು. ಅತ್ತ ದಂಡಿನ ಅಧಿಕಾರಿಗಳಿಗೆ ಕುದುರೆಯ ಮೇಲೆ ಕೂತು ಪೋಲೋ ಆಡಲು ಸಂಪಂಗಿಯ ಅಂಗಳ ಒಣಗಿರಬೇಕಿತ್ತು. ತೋಟದವರು ನೀರು ಬೇಕೆಂದು ಅರ್ಜಿ ಹಾಕಿದರು. ಪೋಲೋದವರು ನೀರು ಬೇಡವೆಂದರು. ಯಾರ ಮಾತು ನಡೆಯಿತೆಂದು ಹೇಳಬೇಕಾಗಿಲ್ಲ. ಕೆರೆ ತುಂಡುತುಂಡಾಗಿ ಬತ್ತಿತು, ತೋಟಗಳು ಹೋದವು, ಮುಂದೆ ಅಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ಹೊತ್ತಿಗೆ ಪೂಜೆಗೆಂದು ಒಂದು ಚಿಕ್ಕ ಹೊಂಡ ಉಳಿದಿದೆ. ತಿಗಳರ ಕರಗ ಇವತ್ತಿಗೂ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುತ್ತದೆ. ಅವರ ಹಿರಿಯರ ತೋಟಗಳ ಮೇಲೆ ಕಟ್ಟಿದ ಬೀದಿಗಳಲ್ಲೇ ನಡೆದು ಬರುತ್ತದೆ.

ಸ್ವಾತಂತ್ರ್ಯ ಬಂದ ಮೇಲಾದರೂ ಹೊಲಗಳಿಗೆ ಮರ್ಯಾದೆ ಸಿಕ್ಕಿತೇ? ಬ್ರಿಟಿಷರ ಆಡಳಿತದಲ್ಲಿದ್ದ ದಂಡು 1947ರಲ್ಲಿ ಮತ್ತೆ ಮೈಸೂರಿಗೆ ಸೇರಿತು, 1949ರಲ್ಲಿ ಪೇಟೆ ದಂಡುಗಳೆರಡೂ ಒಂದೇ ಕಾರ್ಪೊರೇಷನ್ನಿನ ಅಡಿಗೆ ಬಂದವು. ಹೊಲ ನುಂಗುವ ವೇಗ ಮಾತ್ರ ಆಮೇಲೆ ಹೆಚ್ಚಿತು. ಸಾಹೇಬರು ಕುದುರೆ ಕಟ್ಟಲು ಒಂದಿಷ್ಟು ಎಕರೆ ತೆಗೆದುಕೊಂಡಿದ್ದರೆ, ನಮ್ಮದೇ ಬಡಾವಣೆಗಳು ಊರಿಗೆ ಊರನ್ನೇ ತೆಗೆದುಕೊಂಡವು. ಇಂದಿರಾನಗರ, ಕೋರಮಂಗಲಗಳ ಅಡಿಯಲ್ಲಿ ಯಾವ ಊರಿನ ರಾಗಿಕಣವಿತ್ತೆಂದು ಕೇಳಲು ಈಗ ಹಳಬರೂ ಸಿಗುವುದಿಲ್ಲ. ದೊರೆಗಳನ್ನು ಬೈದು ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ ಎಂದು ನಾನು ನಂಬಿರುವುದು ಇದಕ್ಕೇ.

ಈಗ ಹೊಲ, ಅಂಗಡಿ, ಕುದುರೆ ಈ ಮೂರರ ಕೊನೆಯ ತುಂಡುಗಳೂ ಅಲುಗಾಡುತ್ತಿವೆ. ರಸೆಲ್ ಮಾರ್ಕೆಟ್ 2012ರ ಬೆಂಕಿಯಲ್ಲಿ ಬೆಂದು, ವರ್ತಕರ ಹಟದಿಂದ ಎದ್ದು ನಿಂತಿತು. ಕೊತ್ತಂಬರಿ ಕಟ್ಟುಗಳ ನಡುವೆ ಕೂತ ಮುದುಕರು ಗಿರಾಕಿಯ ಮುಖ ನೋಡಿ ಲೆಕ್ಕ ಹೇಳುವುದು ಅಲ್ಲಿ ಇನ್ನೂ ಇದೆ, ಆದರೆ ಗಿರಾಕಿ ಫೋನಿನಲ್ಲಿ ಸೊಪ್ಪು ತರಿಸುತ್ತಾನೆ. ರೇಸ್ ಕೋರ್ಸಿನ ಗುತ್ತಿಗೆ 2009ರಲ್ಲೇ ಮುಗಿದಿದೆ. ಅಂದಿನಿಂದ ಸ್ಥಳಾಂತರದ ಮಾತು, ವ್ಯಾಜ್ಯ ನಡೆದೇ ಇದೆ. 2023ರ ಅಕ್ಟೋಬರಿನಲ್ಲಿ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28ರ ತೆರಿಗೆ ಬಂದು ಕ್ಲಬ್ಬುಗಳ ಬೆನ್ನು ಮುರಿಯಿತು. ಗಿಂಡಿಯ ಅಂಗಳಕ್ಕೆ 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಬೀಗ ಹಾಕಿತು. ಹೈದರ್, ಟಿಪ್ಪು ಕಾಲದ ಕುದುರೆಗಳ ಸಂತಾನ ಮೇಯ್ದ ಕುಣಿಗಲ್ಲಿನ ಕುದುರೆ ಫಾರಂ 400 ಎಕರೆಗೂ ಮಿಕ್ಕಿದ ಹುಲ್ಲುಗಾವಲು. ಅಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಬಂತು, ಊರಿನವರು ಎದ್ದು ನಿಂತು ಬೇಡವೆಂದರು. ಅವರಿಗೆ ನನ್ನ ಕೈಮುಗಿತ.

ರೇಸು ಉಳಿಯಲಿ ಎಂದು ನಾನು ಕೇಳುವುದಿಲ್ಲ. ಬಾಜಿ ಇಲ್ಲದ ಊರು ಚೆನ್ನಾಗಿಯೇ ಇರುತ್ತದೆ. ಕೇಳುವುದು ಎರಡನ್ನು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕ್ರಯಪತ್ರ, ಅಂಗಡಿಯ ಲೆಕ್ಕದ ಪುಸ್ತಕ, ಕಂದಾಯದ ರಸೀದಿ ಇದ್ದರೆ ಗುಜರಿಗೆ ಹಾಕಬೇಡಿ. ನಕಲು ತೆಗೆಸಿ ಪತ್ರಾಗಾರಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಕೊಡಿ. ಯಾವ ಮಣ್ಣಿನಲ್ಲಿ ಯಾವ ಬಾವಿಯಿತ್ತು, ಯಾವ ಮರವಿತ್ತು ಎಂಬುದು ಅವುಗಳಲ್ಲಲ್ಲದೆ ಇನ್ನೆಲ್ಲೂ ಉಳಿದಿಲ್ಲ.

ಎರಡನೆಯದು ನೆಲದ ಮಾತು. ಬೆಂಗಳೂರಿನ ನಟ್ಟನಡುವೆ ರೇಸ್ ಕೋರ್ಸಿನ ಸುಮಾರು 85 ಎಕರೆ ಇನ್ನೂ ಬಯಲಾಗಿದೆ. ಅದು ಸರ್ಕಾರದ ಜಮೀನು, ಕ್ಲಬ್ಬಿನದಲ್ಲ. ಕುದುರೆಗಳು ಊರ ಹೊರಕ್ಕೆ ಹೋಗುವ ದಿನ ಅಲ್ಲಿ ಗೋಪುರಗಳೂ ಮಾಲುಗಳೂ ಏಳಕೂಡದು. ಗಿಂಡಿಯಲ್ಲಿ ಮಳೆನೀರು ನಿಲ್ಲಿಸಲು ಕೊಳ ತೋಡಿದ್ದಾರೆ. ಹತ್ತಾರು ಕೆರೆ ಮುಚ್ಚಿ ಪ್ರತಿ ಮಳೆಗೂ ಮುಳುಗುವ ನಮ್ಮೂರಿಗೆ ಅದಕ್ಕಿಂತ ಅವಸರವಿದೆ. ನೀರು, ಮರ, ಮಕ್ಕಳು ಓಡಾಡುವ ಹುಲ್ಲು, ಇಷ್ಟಕ್ಕೆ ಮಾತ್ರ ಆ ನೆಲ ಮೀಸಲೆಂದು ಕಾನೂನು ಆಗಬೇಕು. ಕುಣಿಗಲ್ಲಿನ ಹುಲ್ಲುಗಾವಲಿಗೂ ಅದೇ ರಕ್ಷಣೆ ಸಿಗಬೇಕು. ಇದನ್ನು ಓದಿದವರು ನಿಮ್ಮ ಶಾಸಕರಿಗೆ ಈ ವಾರವೇ ಒಂದು ಕಾಗದ ಬರೆಯಿರಿ.